ತಣ್ಣೀರಿನ ಬಂಡೆ ರೀಫ್‌ನಲ್ಲಿ ಸ್ಕೂಬಾ: ದಡದಿಂದ ದಡದವರೆಗೆ

ರೀಫ್ ಅಂದ ತಕ್ಷಣ ಹವಳ ನೆನಪಾಗುತ್ತದೆ. ಬಿಸಿಲು, ನೀಲಿ ನೀರು, ಹಳದಿ ಪಟ್ಟೆಯ ಮೀನು. ಆದರೆ ಹವಳದ ದಿಬ್ಬವೇ ಇಲ್ಲದ ರೀಫ್‌ಗಳೂ ಇವೆ. ಶಾಲೆಯ ಭೂಗೋಳದಲ್ಲಿ ಸಮಶೀತೋಷ್ಣ ವಲಯ ಅಂತ ಓದಿದ್ದೆವಲ್ಲ, ಅಲ್ಲಿನ ಕಡಲಲ್ಲಿ ತಳದಿಂದ ಎದ್ದು ನಿಂತ ಬಂಡೆಗಳೇ ರೀಫ್. ಅದರ ಮೇಲೆ ಕಡಲಪಾಚಿಯ ಕಾಡು, ಸ್ಪಂಜು, ಸೀ ಅನಿಮೋನ್, ಸಂದಿಗೊಂದು ಏಡಿ. ನ್ಯೂಜಿಲೆಂಡಿನ ಪೂರ್ ನೈಟ್ಸ್ ದ್ವೀಪಗಳು, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿ, ದಕ್ಷಿಣ ಆಫ್ರಿಕಾದ ಕೇಪ್ ತೀರ, ಆಸ್ಟ್ರೇಲಿಯಾದ ದಕ್ಷಿಣ ಅಂಚು, ಬ್ರಿಟನ್ನಿನ ಸುತ್ತಮುತ್ತ, ಎಲ್ಲ ಕಡೆ ಇಂಥವು ಸಿಗುತ್ತವೆ. ನೀರು ಹೆಚ್ಚುಕಡಿಮೆ 10ರಿಂದ 20 ಡಿಗ್ರಿ ಸೆಲ್ಸಿಯಸ್.

ಅಲ್ಲೊಂದು ಮರೆಯಾದ ಕೊಲ್ಲಿ, ಗಾಳಿಯಿಲ್ಲದ ಬೆಳಿಗ್ಗೆ, ಕನ್ನಡಿಯಂಥ ನೀರು ಸಿಕ್ಕಿತು ಅಂದುಕೊಳ್ಳಿ. ಅಲೆ ಇಲ್ಲ, ಇನ್ನೇನು ಭಯ ಅನಿಸುತ್ತದೆ. ನಾನು ಕಂಡ ಹಾಗೆ ಇಂಥ ಜಾಗದಲ್ಲಿ ಡೈವನ್ನು, ಅಂದರೆ ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ನೀರೊಳಗೆ ಇಳಿಯುವುದನ್ನು, ಕೆಡಿಸುವುದು ಎರಡೇ ಎರಡು: ಚಳಿ ಮತ್ತು ಅವಸರ. ಇವೆರಡೂ ಅಣ್ಣತಮ್ಮಂದಿರು. ಚಳಿ ಹಿಡಿದವನು ಅವಸರ ಮಾಡುತ್ತಾನೆ. ಅವಸರ ಮಾಡಿದವನು ಏದುಸಿರು ಬಿಡುತ್ತಾನೆ, ಗಾಳಿ ಬೇಗ ಖಾಲಿ ಮಾಡುತ್ತಾನೆ, ನೋಡಬೇಕಾದ್ದನ್ನು ನೋಡದೆ ಮೇಲೆ ಬರುತ್ತಾನೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಇಬ್ಬರನ್ನು ದೂರ ಇಡುವ ಉಪಾಯಗಳೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಡೈವಿಂಗ್ ಕಲಿಯಲು ಆಗುವುದಿಲ್ಲ. ಮಾನ್ಯತೆ ಇರುವ ಸಂಸ್ಥೆಯ ಓಪನ್ ವಾಟರ್ ಅನ್ನುವ ಮೊದಲ ಹಂತದ ಕೋರ್ಸ್ ಮುಗಿಸಿರಬೇಕು. ಅದರಲ್ಲಿ ಸಾಮಾನ್ಯವಾಗಿ 18 ಮೀಟರ್ ತನಕ ಇಳಿಯಲು ಅನುಮತಿ ಇರುತ್ತದೆ. ನಮಗೆ ಅಷ್ಟೂ ಬೇಕಿಲ್ಲ, 8ರಿಂದ 14 ಮೀಟರಿನಲ್ಲೇ ಇಲ್ಲಿನ ಸೊಗಸೆಲ್ಲ ಇದೆ. ನೀವು ಬೆಚ್ಚನೆ ನೀರಿನಲ್ಲಿ ಮಾತ್ರ ಕಲಿತಿದ್ದರೆ, ಮೊದಲ ಒಂದೆರಡು ಡೈವ್ ಆ ಜಾಗ ಗೊತ್ತಿರುವ ಗೈಡ್ ಜೊತೆಗೇ ಮಾಡಿ. ಹೃದಯ, ಶ್ವಾಸಕೋಶ, ಕಿವಿಯ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬೇಡಿ. ನೆಗಡಿ ಇದ್ದರೆ ಆ ದಿನ ದಡದಲ್ಲೇ ಕೂತು ಉಳಿದವರ ಚೀಲ ಕಾಯಿರಿ.

ದಿನ ಆರಿಸುವುದು

ಜನ ಅಲೆಯ ಎತ್ತರ ನೋಡಿ ದಿನ ಆರಿಸುತ್ತಾರೆ. ಅದು ಅರ್ಧ ಸತ್ಯ. ಹವಾಮಾನ ವರದಿಯಲ್ಲಿ ಎತ್ತರದ ಪಕ್ಕದಲ್ಲೇ ಇನ್ನೊಂದು ಸಂಖ್ಯೆ ಇರುತ್ತದೆ, ಸೆಕೆಂಡಿನಲ್ಲಿ. ಒಂದು ಅಲೆ ಬಂದ ಮೇಲೆ ಇನ್ನೊಂದು ಬರಲು ಹಿಡಿಯುವ ಹೊತ್ತು ಅದು. 6 ಸೆಕೆಂಡಿನ ಅಲೆಯ ಉದ್ದ ಆಳ ಕಡಲಲ್ಲಿ ಸುಮಾರು 56 ಮೀಟರ್. 12 ಸೆಕೆಂಡಿನದು ಸುಮಾರು 225 ಮೀಟರ್. ಅಲೆಯ ಕುಲುಕಾಟ ಅದರ ಉದ್ದದ ಅರ್ಧದಷ್ಟು ಆಳಕ್ಕೆ ಮುಟ್ಟುತ್ತದೆ. ಅಂದರೆ ಮೇಲೆ ಒಂದೇ ಎತ್ತರ ಕಂಡರೂ, 12 ಸೆಕೆಂಡಿನ ಅಲೆ ನಿಮ್ಮನ್ನು ತಳದಲ್ಲಿ ತೊಟ್ಟಿಲು ತೂಗಿದ ಹಾಗೆ ತೂಗುತ್ತದೆ. ಎತ್ತರ ಕಡಿಮೆ, ಸೆಕೆಂಡೂ ಕಡಿಮೆ ಇರುವ ದಿನ ಹುಡುಕಿ. ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತಿದ್ದರೆ ದಡದ ಹತ್ತಿರದ ನೀರು ಸಪಾಟಾಗಿರುತ್ತದೆ. ಆದರೆ ಅದೇ ಗಾಳಿ ಜೋರಾದರೆ ಮೇಲೆ ತೇಲುವವರನ್ನು ಆಚೆಗೆ ತಳ್ಳುತ್ತದೆ, ಗಮನವಿರಲಿ.

ಉಬ್ಬರ ಇಳಿತದ ಪಟ್ಟಿ ನೋಡಿ. ಬಹಳ ಕಡೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ ಚಿಲ್ಲರೆ ಇರುತ್ತದೆ. ಆ ಅವಧಿಯ ನಡುಭಾಗದಲ್ಲಿ ಸೆಳೆತ ಜಾಸ್ತಿ, ನೀರು ತಿರುಗುವ ಹೊತ್ತಿನಲ್ಲಿ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಓಡಾಟ ಜೋರು. ಅಷ್ಟಮಿ ಕಳೆದ ಒಂದೆರಡು ದಿನ ಮೆತ್ತಗಿರುತ್ತದೆ. ತೀರದಿಂದ ತೀರಕ್ಕೆ ಇದು ಬದಲಾಗುತ್ತದೆ, ಹಾಗಾಗಿ ಅಲ್ಲಿ ದಿನಾ ಇಳಿಯುವವರನ್ನು ಕೇಳುವುದೇ ಒಳ್ಳೆಯದು.

ಕಾಲ ಯಾವುದು? ಕಡಲು ಬೇಗ ಬಿಸಿಯಾಗುವುದಿಲ್ಲ, ಬೇಗ ಆರುವುದೂ ಇಲ್ಲ. ಆದ್ದರಿಂದ ನೀರು ಹೆಚ್ಚು ಬೆಚ್ಚಗಿರುವುದು ಬೇಸಿಗೆಯ ಕೊನೆಗೆ, ಶರತ್ಕಾಲದ ಶುರುವಿಗೆ. ವಸಂತದಲ್ಲಿ ಪ್ಲಾಂಕ್ಟನ್ ಅನ್ನುವ ತೇಲುವ ಸೂಕ್ಷ್ಮಜೀವಿಗಳು ಉಕ್ಕಿ ನೀರು ಹಸಿರು ಗಂಜಿಯಂತಾಗುತ್ತದೆ. ಕಡಲಿಗೆ ಅದು ಹಬ್ಬ, ನಮಗೆ ಮೂರು ಮೀಟರ್ ಆಚೆ ಏನೂ ಕಾಣುವುದಿಲ್ಲ.

ಮೈ ಬೆಚ್ಚಗಿಡುವುದು

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಒಯ್ಯುತ್ತದೆ. 16 ಡಿಗ್ರಿಯ ಗಾಳಿಯಲ್ಲಿ ಒಂದು ಅಂಗಿ ಸಾಕು. 16 ಡಿಗ್ರಿಯ ನೀರಿನಲ್ಲಿ ಅದೇ ಅಂಗಿಯಲ್ಲಿ ಹತ್ತು ನಿಮಿಷಕ್ಕೇ ಗಡಗಡ ಶುರುವಾಗುತ್ತದೆ.

ನೀರು 18ರಿಂದ 20 ಡಿಗ್ರಿ ಇದ್ದರೆ 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ಜೊತೆಗೆ ತಲೆ, ಕಿವಿ ಮುಚ್ಚುವ ಹುಡ್. 13ರಿಂದ 17ಕ್ಕೆ 7 ಮಿಲಿಮೀಟರ್ ಸೂಟ್, ಹುಡ್, ಗ್ಲೌಸ್, ಬೂಟ್. ಅದಕ್ಕಿಂತ ಕೆಳಗೆ, ನೀರನ್ನು ಒಳಗೇ ಬಿಡದ ಡ್ರೈಸೂಟ್ ಯೋಚನೆ ಮಾಡಿ. ಚಳಿ ತಡೆಯುವ ಶಕ್ತಿ ಒಬ್ಬೊಬ್ಬರದು ಒಂದೊಂದು ಥರ, ತೆಳ್ಳಗಿರುವವರು ಒಂದು ಮೆಟ್ಟಿಲು ಮೇಲೇ ಇರಿ. ವರದಿಯಲ್ಲಿ ಇರುವುದು ಮೇಲಿನ ನೀರಿನ ಉಷ್ಣತೆ. ಕೆಳಗೆ ಇನ್ನೊಂದು ಪದರ ಇರಬಹುದು. ಅದರ ಗಡಿ ಕಣ್ಣಿಗೆ ಕಾಣುತ್ತದೆ: ಬಿಸಿ ರಸ್ತೆಯ ಮೇಲಿನ ಗಾಳಿಯಂತೆ ನೀರು ಕುಣಿಯುತ್ತದೆ. ಆ ಗೆರೆ ದಾಟಿದ ಕೂಡಲೇ ಮೈ ಜುಂ ಅನ್ನುತ್ತದೆ. ಒಂದೆರಡು ಮೀಟರಿನೊಳಗೆ ಹಲವು ಡಿಗ್ರಿ ಇಳಿದುಬಿಡಬಹುದು.

ವೆಟ್‌ಸೂಟ್ ನೀರನ್ನು ತಡೆಯುವುದಿಲ್ಲ. ಒಳಗೆ ತೆಳ್ಳನೆ ಪದರವಾಗಿ ಹೊಕ್ಕ ನೀರು ಮೈಬಿಸಿಗೆ ಬೆಚ್ಚಗಾಗುತ್ತದೆ. ಶಾಖ ಉಳಿಸುವುದು ಮಾತ್ರ ನಿಯೋಪ್ರೀನ್ ರಬ್ಬರಿನೊಳಗಿನ ಸಣ್ಣ ಸಣ್ಣ ಗುಳ್ಳೆಗಳು. ಹಾಗಾಗಿ ಅಳತೆ ಸರಿ ಇರಬೇಕು. ಸೊಂಟದ ಹಿಂದೆ, ಕಂಕುಳಲ್ಲಿ ಸಡಿಲ ಇದ್ದರೆ ಪ್ರತಿ ಚಲನೆಗೂ ಬೆಚ್ಚನೆ ನೀರು ಹೊರಗೆ, ತಣ್ಣೀರು ಒಳಗೆ. ಬಾಡಿಗೆ ಸೂಟ್ ತೊಟ್ಟಾಗ ಬಗ್ಗಿ, ಕೈ ಎತ್ತಿ, ಕುಕ್ಕರಗಾಲಲ್ಲಿ ಕೂತು ನೋಡಿ. ಉಸಿರಿಗೆ ತೊಡಕಾಗದಷ್ಟು ಬಿಗಿ ಇರಲಿ, ಅದಕ್ಕಿಂತ ಜಾಸ್ತಿ ಬೇಡ.

ಡ್ರೈಸೂಟ್ ಬೇರೆಯೇ ಲೋಕ. ಒಳಗೆ ಗಾಳಿ ಇರುತ್ತದೆ, ಅದನ್ನು ಇಳಿಯುವಾಗ ತುಂಬಬೇಕು, ಏರುವಾಗ ಬಿಡಬೇಕು. ಗಾಳಿ ಕಾಲಿಗೆ ಓಡಿದರೆ ತಲೆಕೆಳಗಾಗಿ ಮೇಲೆ ಚಿಮ್ಮುತ್ತೀರಿ. ಅದಕ್ಕೆ ಬೇರೆ ತರಬೇತಿ ಇದೆ, ಅದಿಲ್ಲದೆ ಗೆಳೆಯರ ಸೂಟ್ ಇಸಿದುಕೊಂಡು ಇಳಿಯುವುದು ಬೇಡ.

ಒಂದು ಸಣ್ಣ ಉಪಾಯ. ಫ್ಲಾಸ್ಕಿನಲ್ಲಿ ಉಗುರುಬೆಚ್ಚನೆ ನೀರು ಒಯ್ಯಿರಿ. ಇಳಿಯುವ ಮುಂಚೆ ಗ್ಲೌಸಿಗೆ, ಹುಡ್ಡಿಗೆ, ಕುತ್ತಿಗೆಯೊಳಗೆ ಸುರಿದುಕೊಳ್ಳಿ. ಮೊದಲ ತಣ್ಣೀರು ಬೆನ್ನ ಮೇಲೆ ಹರಿಯುವಾಗ ಬರುವ ಆ ಕಿರುಚು ತಪ್ಪುತ್ತದೆ.

ತೂಕ: ಎಲ್ಲರೂ ಎಡವುವ ಕಡೆ

ಇಲ್ಲಿ ಸ್ವಲ್ಪ ನಿಲ್ಲೋಣ. ತಣ್ಣೀರಿನ ಡೈವ್ ಚೆನ್ನಾಗಿ ಆಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ದಪ್ಪ ಸೂಟ್ ಅಂದರೆ ಜಾಸ್ತಿ ಗುಳ್ಳೆ, ಜಾಸ್ತಿ ತೇಲು. ಅದನ್ನು ಮುಳುಗಿಸಲು ಸೀಸದ ತೂಕ ಬೇಕು. 10 ಮೀಟರ್ ಇಳಿದರೆ ಒತ್ತಡ ದುಪ್ಪಟ್ಟು. ಗುಳ್ಳೆಗಳು ಕುಗ್ಗುತ್ತವೆ, ಸೂಟ್ ತೆಳ್ಳಗಾಗುತ್ತದೆ. ಮೇಲೆ ಸರಿಯಾಗಿದ್ದ ನೀವು ಕೆಳಗೆ ಭಾರವಾಗುತ್ತೀರಿ. ಅದನ್ನು ಸರಿದೂಗಿಸಲು ಬಿಸಿಡಿ ಅನ್ನುವ, ತೇಲು ಹೆಚ್ಚುಕಡಿಮೆ ಮಾಡುವ ಜಾಕೆಟ್ಟಿಗೆ ಗಾಳಿ ಹಾಕುತ್ತೀರಿ. ತೂಕ ಅಗತ್ಯಕ್ಕಿಂತ ಜಾಸ್ತಿ ಇದ್ದರೆ ಗಾಳಿಯೂ ಜಾಸ್ತಿ ಹಾಕಬೇಕು. ಆ ಗಾಳಿಯ ಗುಡ್ಡೆ ಒಂದು ಮೀಟರ್ ಏರಿದರೆ ಹಿಗ್ಗುತ್ತದೆ, ಒಂದು ಮೀಟರ್ ಇಳಿದರೆ ಕುಗ್ಗುತ್ತದೆ. ಆಮೇಲೆ ಇಡೀ ಡೈವ್ ಗುಂಡಿ ಒತ್ತುವುದರಲ್ಲೇ ಕಳೆಯುತ್ತದೆ.

ನಾನು ಮೊದಲ ಸಲ 7 ಮಿಲಿಮೀಟರ್ ಸೂಟ್ ಹಾಕಿದಾಗ ಯಾರೋ "ಇರಲಿ ಬಿಡಿ, ಇನ್ನೆರಡು ಕಿಲೋ" ಅಂದರು. ನಾನೂ ಸುಮ್ನೆ ಹಾಕಿಕೊಂಡೆ. ಮುಳುಗಿದ್ದು ಸಲೀಸಾಯಿತು. ಆಮೇಲೆ ಅರ್ಧ ಗಂಟೆ ಕಾಲು ಕೆಳಗೆ, ತಲೆ ಮೇಲೆ ಮಾಡಿಕೊಂಡು ಸೈಕಲ್ ತುಳಿದೆ. ನನ್ನ ಹಿಂದೆ ಬಂದವರಿಗೆ ಕಂಡಿದ್ದು ಬರೀ ಮಣ್ಣಿನ ಮೋಡ.

ಸರಿಯಾದ ತೂಕ ಹೀಗೆ ಹುಡುಕಿ. ದೇಹತೂಕದ ಹತ್ತರಲ್ಲೊಂದು ಭಾಗದಿಂದ ಶುರು ಮಾಡಿ. ಪೂರ್ತಿ ಸಜ್ಜಾಗಿ, ನೀವು ನಿಲ್ಲಲಾಗದಷ್ಟು ಆಳದ ನೀರಿಗೆ ಬನ್ನಿ. ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲೇ ಇರಲಿ. ಬಿಸಿಡಿಯ ಗಾಳಿ ಪೂರ್ತಿ ಬಿಡಿ. ಸಾಧಾರಣ ಉಸಿರು ತೆಗೆದು ಒಂದು ಕ್ಷಣ ಹಿಡಿಯಿರಿ, ಕೈಕಾಲು ಆಡಿಸಬೇಡಿ. ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ಕಲ್ಲಿನ ಹಾಗೆ ಹೋದರೆ ಒಂದು ಕಿಲೋ ತೆಗೆಯಿರಿ. ಮುಳುಗದೇ ಇದ್ದರೆ ಒಂದು ಕಿಲೋ ಹಾಕಿ. ಒಂದೊಂದೇ ಕಿಲೋ.

ಇದಕ್ಕೊಂದು ತಿದ್ದುಪಡಿ ಉಂಟು. ಗಾಳಿಗೂ ತೂಕವಿದೆ! 12 ಲೀಟರ್ ಟ್ಯಾಂಕಿಗೆ 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತುಂಬಿದರೆ ಅದರಲ್ಲಿ 2400 ಲೀಟರ್ ಗಾಳಿ ಇರುತ್ತದೆ, ತೂಕ ಹತ್ತಿರ ಹತ್ತಿರ 3 ಕಿಲೋ. ಡೈವ್ ಮುಗಿಯುವ ಹೊತ್ತಿಗೆ ಅದರಲ್ಲಿ ಎರಡು ಕಿಲೋ ಉಸಿರಾಗಿ ಹೋಗಿರುತ್ತದೆ. ತುಂಬಿದ ಟ್ಯಾಂಕಿನಲ್ಲಿ ಪರೀಕ್ಷೆ ಮಾಡಿದ್ದರೆ ಆ ಎರಡು ಕಿಲೋ ಸೇರಿಸಿಕೊಳ್ಳಿ. ಡೈವ್ ಕೊನೆಗೆ 50 ಬಾರ್ ಉಳಿದಾಗ ಪರೀಕ್ಷೆ ಮಾಡಿದರೆ ಏನೂ ಸೇರಿಸಬೇಕಿಲ್ಲ. ಅದೇ ಹೆಚ್ಚು ನಂಬಿಕೆಯ ಪರೀಕ್ಷೆ.

ಗಾಳಿಯ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ನೀರಿನೊಳಗೆ ಅಕ್ಷರಶಃ ನಿಜ. ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಉಸಿರಾಡುವವರು ಅಂದುಕೊಳ್ಳಿ. 12 ಮೀಟರಿನಲ್ಲಿ ಒತ್ತಡ 2.2 ಪಟ್ಟು, ಆದ್ದರಿಂದ ಅಲ್ಲಿ ನಿಮಿಷಕ್ಕೆ 44 ಲೀಟರ್. ದಡದಿಂದ ಹೋಗಿ ದಡಕ್ಕೇ ಬರುವ ಡೈವಿಗೆ ಮೂರು ಪಾಲಿನ ಲೆಕ್ಕ ಒಳ್ಳೆಯದು: ಹೋಗಲು ಒಂದು ಪಾಲು, ಬರಲು ಒಂದು, ಕಷ್ಟಕಾಲಕ್ಕೆ ಒಂದು. 200 ಬಾರ್ ಇದ್ದರೆ 130ಕ್ಕೆ ತಿರುಗಿ, 70ಕ್ಕೆ ಮುಗಿಸಿ. ಖರ್ಚಾಗುವುದು 130 ಬಾರ್, ಅಂದರೆ 1560 ಲೀಟರ್, ಸುಮಾರು 35 ನಿಮಿಷ. ಅದೇ ಚಳಿಯಲ್ಲಿ ಏದುಸಿರು ಬಿಟ್ಟು ನಿಮಿಷಕ್ಕೆ 28 ಲೀಟರ್ ಎಳೆದರೆ 25 ನಿಮಿಷಕ್ಕೇ ಮುಗಿಯಿತು. ಹತ್ತು ನಿಮಿಷವನ್ನು ಚಳಿ ತಿಂದುಹಾಕಿತು ನೋಡಿ.

ಇಬ್ಬರಲ್ಲಿ ಯಾರ ಗಾಳಿ ಮೊದಲು 130 ಮುಟ್ಟುತ್ತದೋ ಆಗ ಇಬ್ಬರೂ ತಿರುಗಬೇಕು. ಇದು ದಡದಲ್ಲೇ ಮಾತಾಗಿರಲಿ.

ದಡದಲ್ಲಿ, ಇಬ್ಬರೂ ಎದುರುಬದುರು

ಡೈವಿಂಗ್‌ನಲ್ಲಿ ಜೊತೆಗಾರರನ್ನು ಬಡ್ಡಿ ಅನ್ನುತ್ತಾರೆ. ಕನ್ನಡದ ಕಿವಿಗೆ ಆ ಮಾತು ಕೇಳಿದರೆ ಸಾಲ ನೆನಪಾಗುತ್ತದೆ, ಹಾಗಾಗಿ ನಾನು ಜೊತೆಗಾರ ಅಂತಲೇ ಬರೆಯುತ್ತೇನೆ.

ಇಳಿಯುವ ಮುಂಚೆ ಒಬ್ಬರನ್ನೊಬ್ಬರು ಮುಟ್ಟಿ ನೋಡಬೇಕು. ಬಿಸಿಡಿ ಗಾಳಿ ತುಂಬುತ್ತದೆಯೇ, ಬಿಡುತ್ತದೆಯೇ? ತೂಕ ಎಲ್ಲಿದೆ, ತುರ್ತಿನಲ್ಲಿ ಹೇಗೆ ಕಳಚುವುದು? ದಪ್ಪ ಗ್ಲೌಸ್ ಹಾಕಿಕೊಂಡೇ ಆ ಬಕಲ್ ಬಿಚ್ಚಿ ನೋಡಿ, ಬರಿಗೈಯಲ್ಲಿ ಸುಲಭವಾದದ್ದು ಗ್ಲೌಸಿನಲ್ಲಿ ಜಾರುತ್ತದೆ. ಪಟ್ಟಿಗಳೆಲ್ಲ ಸರಿಯಾಗಿ ಕೂತಿವೆಯೇ? ಇನ್ನೊಬ್ಬರಿಗೆ ಕೊಡುವ ಎರಡನೇ ರೆಗ್ಯುಲೇಟರ್ ಎಲ್ಲಿ ನೇತಾಡುತ್ತಿದೆ?

ಗಾಳಿ ಪರೀಕ್ಷೆ ಹೀಗೆ: ಟ್ಯಾಂಕಿನಲ್ಲಿ ಎಷ್ಟು ಗಾಳಿ ಇದೆ ಅಂತ ತೋರಿಸುವ ಗೇಜ್ ಕಣ್ಣೆದುರು ಹಿಡಿದು, ರೆಗ್ಯುಲೇಟರಿನಿಂದ ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು ಅಲ್ಲಾಡಬಾರದು. ಎಳೆದಾಗ ಇಳಿದು, ಬಿಟ್ಟಾಗ ಮೇಲೇರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಮೇಲೆ ಉಸಿರಾಡಲು ಆ ಸಂದು ಸಾಕಾಗುತ್ತದೆ, ಆಳದಲ್ಲಿ ಸಾಲುವುದಿಲ್ಲ.

ನೀರು 10 ಡಿಗ್ರಿಗಿಂತ ಕೆಳಗಿದ್ದರೆ ತಣ್ಣೀರಿಗೆ ಅಂತಲೇ ಮಾಡಿದ ರೆಗ್ಯುಲೇಟರ್ ಬೇಕು. ಒತ್ತಡದ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ. ಮೊದಲೇ ತಣ್ಣಗಿರುವ ನೀರಿನಲ್ಲಿ ಅದು ಒಳಗೆ ಮಂಜುಗಟ್ಟಿಸಿ ವಾಲ್ವನ್ನು ತೆರೆದ ಸ್ಥಿತಿಯಲ್ಲೇ ಹಿಡಿದುಬಿಡಬಹುದು. ಅಂಥ ನೀರಿನಲ್ಲಿ ಉಸಿರೆಳೆಯುವುದು, ಬಿಸಿಡಿ ತುಂಬುವುದು ಎರಡನ್ನೂ ಒಟ್ಟಿಗೆ ಮಾಡಬೇಡಿ.

ಕೊನೆಗೆ ಮಾತು. ಎಷ್ಟು ಆಳ, ಯಾವ ದಿಕ್ಕು, ಎಷ್ಟು ನಿಮಿಷ, ಕಳೆದುಹೋದರೆ ಏನು. "ನನಗೆ ಚಳಿ" ಅನ್ನುವ ಸನ್ನೆಯನ್ನೂ ಈಗಲೇ ಒಪ್ಪಿಕೊಳ್ಳಿ: ಎರಡು ಕೈಯಿಂದ ತೋಳು ಉಜ್ಜಿಕೊಳ್ಳುವುದು. ಆ ಸನ್ನೆ ಕಂಡರೆ ವಾದ ಇಲ್ಲ, ಇಬ್ಬರೂ ವಾಪಸ್.

ಇಳಿಯುವುದು

ಜಾರುವ ಬಂಡೆ ಇರುವ ಕಡೆ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಹಾಕಿಕೊಂಡು ನಡೆಯಬೇಡಿ. ಸೊಂಟದ ಮಟ್ಟದ ನೀರಿಗೆ ಬಂದು, ಜೊತೆಗಾರರ ಭುಜ ಹಿಡಿದು ಹಾಕಿಕೊಳ್ಳಿ. ಈಗ ಮುಖವನ್ನು ಒಂದು ನಿಮಿಷ ನೀರಿನೊಳಗೆ ಇಟ್ಟು ಸುಮ್ಮನೆ ತೇಲಿ. ತಣ್ಣೀರು ಮುಖಕ್ಕೆ ತಾಗಿದ ಕೂಡಲೇ ಉಸಿರು ಸಿಕ್ಕಿಕೊಂಡ ಹಾಗಾಗುವುದು ಸಹಜ. ಉದ್ದಕ್ಕೆ ಉಸಿರು ಬಿಡುತ್ತಾ ಇರಿ, ಅದು ತಾನೇ ಸರಿಹೋಗುತ್ತದೆ. ಸರಿಹೋಗುವ ತನಕ ಇಳಿಯಬೇಡಿ.

ಹುಡ್ಡಿನ ಅಂಚನ್ನು ಬೆರಳಿನಿಂದ ಎತ್ತಿ ಸ್ವಲ್ಪ ನೀರು ಒಳಗೆ ಬಿಡಿ. ಇದನ್ನು ಹೇಳಿಕೊಡುವವರು ಕಡಿಮೆ. ಬಿಗಿ ಹುಡ್ ಕಿವಿಯ ಮೇಲೆ ಗಾಳಿಯನ್ನು ಮುಚ್ಚಿ ಹಿಡಿದರೆ ಮೂಗು ಹಿಡಿದು ಎಷ್ಟು ಊದಿದರೂ ಕಿವಿನೋವು ಹೋಗುವುದಿಲ್ಲ. ಇನ್ನೊಂದು ವಿಚಿತ್ರವೂ ಆಗುತ್ತದೆ. ತಣ್ಣೀರು ಒಂದೇ ಕಿವಿಗೆ ಹೊಕ್ಕರೆ ಜಗತ್ತು ಗಿರ್ರನೆ ತಿರುಗುತ್ತದೆ. ಸಮತೋಲನ ನೋಡಿಕೊಳ್ಳುವ ಒಳಕಿವಿ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬೆಚ್ಚಗೆ ಆಗುವುದೇ ಕಾರಣ. ಹೆದರಬೇಡಿ. ಹಗ್ಗವನ್ನೋ ಬಂಡೆಯನ್ನೋ ಹಿಡಿದು, ಒಂದೇ ಕಡೆ ನೋಡುತ್ತಾ ನಿಲ್ಲಿ. ಎರಡೂ ಕಿವಿ ಒಂದೇ ಹದಕ್ಕೆ ಬಂದ ಮೇಲೆ ನಿಲ್ಲುತ್ತದೆ. ನಿಲ್ಲದಿದ್ದರೆ ಜೊತೆಗಾರರ ಜೊತೆ ನಿಧಾನವಾಗಿ ಮೇಲೆ ಬನ್ನಿ.

ಕಾಲು ಮುಂದಾಗಿ ಇಳಿಯಿರಿ. ಒಂದೊಂದು ಮೀಟರಿಗೂ ಕಿವಿ ಸರಿಮಾಡಿಕೊಳ್ಳಿ, ನೋವು ಬರುವ ಮುಂಚೆಯೇ. ನೋವು ಬಂದರೆ ಒಂದು ಮೀಟರ್ ಮೇಲೆ ಹೋಗಿ ಮತ್ತೆ ಪ್ರಯತ್ನಿಸಿ. ಜೋರಾಗಿ ಊದಬೇಡಿ.

ಕೆಳಗೆ

ತಳ ಕಂಡ ಮೇಲೆ ಮೊದಲ ಎರಡು ನಿಮಿಷ ಎಲ್ಲಿಗೂ ಹೋಗಬೇಡಿ. ತಳದಿಂದ ಒಂದು ಮೀಟರ್ ಮೇಲೆ ಅಡ್ಡಡ್ಡ ಮಲಗಿದ ಹಾಗೆ ತೇಲಿ. ಉಸಿರೆಳೆದಾಗ ಚೂರು ಏರಬೇಕು, ಬಿಟ್ಟಾಗ ಚೂರು ಇಳಿಯಬೇಕು. ಆ ತಾಳ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು. ಕಾಲನ್ನು ಕಪ್ಪೆ ಥರ ಆಡಿಸಿ: ಮೊಣಕಾಲು ಮಡಚಿ, ಪಾದವನ್ನು ಹೊರಕ್ಕೆ ತಿರುಗಿಸಿ ಹಿಂದಕ್ಕೆ ತಳ್ಳಿ, ಜಾರಲು ಬಿಡಿ. ಮೇಲೆ ಕೆಳಗೆ ಬಡಿದರೆ ಮಣ್ಣು ಏಳುತ್ತದೆ.

ಕೆಲ್ಪ್ ಅನ್ನುವ ಎತ್ತರದ ಕಡಲಪಾಚಿಯ ಕಾಡು ಇದ್ದರೆ ಅದೇ ನಿಮ್ಮ ದಿಕ್ಸೂಚಿ. ಎಲೆಗಳು ಯಾವ ಕಡೆ ವಾಲಿವೆಯೋ ಸೆಳೆತ ಆ ಕಡೆಗೆ. ಶುರುವಿನಲ್ಲಿ ಎದುರಾಗಿ ಹೋಗಿ, ವಾಪಸ್ ಬರುವಾಗ ನೀರೇ ಕರೆತರುತ್ತದೆ. ಎಲೆಗಳು ಅತ್ತಿತ್ತ ತೂಗುತ್ತಿದ್ದರೆ ಅದು ಅಲೆಯ ತೂಗಾಟ. ಅದರ ವಿರುದ್ಧ ಈಜಬೇಡಿ. ಮುಂದಕ್ಕೆ ತೂಗಿದಾಗ ಹೋಗಿ, ಹಿಂದಕ್ಕೆ ತೂಗಿದಾಗ ಸುಮ್ಮನಿರಿ.

ಕೆಲ್ಪ್ ನೋಡಲು ಮರದ ಹಾಗಿದ್ದರೂ ಗಿಡ ಅಲ್ಲ, ಕಂದು ಪಾಚಿ. ಬುಡದಲ್ಲಿ ಬೇರಿನ ಹಾಗೆ ಕಾಣುವುದು ಬಂಡೆ ಹಿಡಿಯುವ ಮುಷ್ಟಿ ಅಷ್ಟೇ, ಆಹಾರ ಹೀರುವುದಿಲ್ಲ. ದೈತ್ಯ ಕೆಲ್ಪ್ ಅನುಕೂಲ ಸಿಕ್ಕರೆ ದಿನಕ್ಕೆ ಅರ್ಧ ಮೀಟರ್ ತನಕ ಬೆಳೆಯುತ್ತದೆ. ಕಾಂಡಗಳ ನಡುವೆ ಬಿಸಿಲಿನ ಕೋಲು ಇಳಿಯುವುದನ್ನು ನೋಡಲೆಂದೇ ಜನ ಚಳಿ ಸಹಿಸಿಕೊಂಡು ಬರುತ್ತಾರೆ. ಕೆಲವು ಬಂಡೆಗಳು ಮಾತ್ರ ಬೋಳಾಗಿ, ಮುಳ್ಳುಮುಳ್ಳು ಸೀ ಅರ್ಚಿನ್‌ಗಳಿಂದ ತುಂಬಿರುತ್ತವೆ. ಅವನ್ನು ತಿನ್ನುವ ದೊಡ್ಡ ಮೀನು, ಲಾಬ್ಸ್ಟರ್ ಅನ್ನುವ ದೊಡ್ಡ ಕಲ್ಲುಸಿಗಡಿಗಳನ್ನು ಮನುಷ್ಯ ಹಿಡಿದು ಮುಗಿಸಿದರೆ ಅರ್ಚಿನ್‌ಗಳು ಕೆಲ್ಪನ್ನು ಮೇಯ್ದು ಮುಗಿಸುತ್ತವೆ. ನ್ಯೂಜಿಲೆಂಡಿನ ಗೋಟ್ ಐಲೆಂಡ್ ಬಳಿಯ ಕಡಲನ್ನು 1975ರಲ್ಲಿ ಮೀನುಗಾರಿಕೆಗೆ ಮುಚ್ಚಿದ ಮೇಲೆ ದೊಡ್ಡ ಮೀನು ವಾಪಸ್ ಬಂದವು, ಬೋಳು ಬಂಡೆಯ ಮೇಲೆ ಕೆಲ್ಪೂ ವಾಪಸ್ ಬಂತು.

ಈಗ ಟಾರ್ಚ್ ತೆಗೆಯಿರಿ. ಹಗಲು ಡೈವಿಗೆ ಟಾರ್ಚ್ ಯಾಕೆ? ನೀರು ಕೆಂಪು ಬಣ್ಣವನ್ನು ಮೊದಲ ಕೆಲವೇ ಮೀಟರಿನಲ್ಲಿ ನುಂಗಿಬಿಡುತ್ತದೆ. 12 ಮೀಟರಿನಲ್ಲಿ ಬಂಡೆಯೆಲ್ಲ ಹಸಿರು ಬೂದಿ ಬಣ್ಣ. ಟಾರ್ಚ್ ಹಾಕಿ, ಅದೇ ಬಂಡೆ ಕಿತ್ತಳೆ, ಕುಂಕುಮ, ನೇರಳೆ ಆಗುತ್ತದೆ. ಚಾಪೆ ಅಗಲದ ಒಂದು ಜಾಗ ಆರಿಸಿಕೊಂಡು ಐದು ನಿಮಿಷ ಅಲ್ಲೇ ಇರಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಪಾಚಿಯ ಒಂದು ತುಣುಕು ನಡೆಯುತ್ತದೆ. ಅದು ಮೈಮೇಲೆ ಪಾಚಿ, ಸ್ಪಂಜು ಅಂಟಿಸಿಕೊಂಡ ಏಡಿ. ಬಂಡೆಯ ಮೇಲೆ ಬಿಳಿ ರಿಬ್ಬನ್ ಸುರುಳಿ ಸುತ್ತಿಟ್ಟ ಹಾಗೆ ಕಂಡರೆ ಅದು ನುಡಿಬ್ರಾಂಕ್‌ನ ಮೊಟ್ಟೆ ಇರಬಹುದು. ನುಡಿಬ್ರಾಂಕ್ ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು, ಆಸುಪಾಸಿನಲ್ಲೇ ಹುಡುಕಿ. ಸಂದಿಯ ಬಾಗಿಲಲ್ಲಿ ಏಡಿ ಚಿಪ್ಪು, ಕಪ್ಪೆಚಿಪ್ಪಿನ ರಾಶಿ ಬಿದ್ದಿದೆಯೇ? ಊಟ ಮಾಡಿ ಕಸ ಹೊರಗೆ ಹಾಕಿದವರು ಒಳಗಿದ್ದಾರೆ. ಟಾರ್ಚನ್ನು ನೇರ ಹಾಕದೆ ಪಕ್ಕಕ್ಕೆ ಹಿಡಿಯಿರಿ, ಅಡ್ಡಗೆರೆಯಂಥ ಕಣ್ಣಪಾಪೆ ನಿಮ್ಮನ್ನೇ ನೋಡುತ್ತಿರುತ್ತದೆ. ಆಕ್ಟೋಪಸ್!

ಕೈ ಮಾತ್ರ ನಿಮ್ಮ ಎದೆಯ ಹತ್ತಿರವೇ ಇರಲಿ. ಆಸ್ಟ್ರೇಲಿಯಾದ ತೀರದಲ್ಲಿ ನೀಲಿ ಬಳೆಗಳ ಪುಟ್ಟ ಆಕ್ಟೋಪಸ್ ಇದೆ, ಅಂಗೈಗಿಂತ ಚಿಕ್ಕದು, ಅದರ ವಿಷ ಮನುಷ್ಯನ ಉಸಿರಾಟ ನಿಲ್ಲಿಸಬಲ್ಲದು. ಬಂಡೆಯ ಹಾಗೇ ಕಾಣುವ ಸ್ಕಾರ್ಪಿಯನ್ ಮೀನಿಗೂ ವಿಷಮುಳ್ಳಿದೆ.

ಏನಾದರೂ ಕೈಕೊಟ್ಟರೆ

ಕೆಲ್ಪಿನಲ್ಲಿ ಸಿಕ್ಕಿಕೊಂಡರೆ ಗಿರಗಿರ ತಿರುಗಬೇಡಿ, ಹಗ್ಗ ಸುತ್ತಿದ ಹಾಗಾಗುತ್ತದೆ. ನಿಲ್ಲಿ, ಒಂದು ಉಸಿರು, ಹಿಂದಕ್ಕೆ ಬನ್ನಿ. ಬಿಡದಿದ್ದರೆ ಜೊತೆಗಾರರನ್ನು ಕರೆಯಿರಿ. ಕಾಂಡವನ್ನು ಎಳೆದರೆ ಬರುವುದಿಲ್ಲ, ಹಸಿ ಹುರುಳಿಕಾಯಿ ಮುರಿದ ಹಾಗೆ ಮಡಚಿದರೆ ಪಟ್ ಅಂತ ಮುರಿಯುತ್ತದೆ. ಚಾಕು ಕೊನೆಗೆ. ನೇತಾಡುವ ಕೊಳವೆ, ಫಿನ್ನಿನ ಪಟ್ಟಿಯ ಬಾಲ ಮೊದಲೇ ಒಳಗೆ ಸಿಕ್ಕಿಸಿದ್ದರೆ ಈ ಫಜೀತಿಯೇ ಇಲ್ಲ.

ರೆಗ್ಯುಲೇಟರ್ ನಿಲ್ಲದೆ ಗಾಳಿ ಸುರಿಯತೊಡಗಿದರೆ ತುಟಿ ಬಿಗಿ ಹಿಡಿಯಬೇಡಿ. ಬಾಯಿ ಸ್ವಲ್ಪ ತೆರೆದು, ನಲ್ಲಿ ನೀರು ಕುಡಿದ ಹಾಗೆ ಬೇಕಾದಷ್ಟು ಗಾಳಿ ಹೀರಿಕೊಳ್ಳಿ, ಉಳಿದದ್ದು ಹೋಗಲಿ. ಟ್ಯಾಂಕ್ ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತದೆ. ಜೊತೆಗಾರರ ಎರಡನೇ ರೆಗ್ಯುಲೇಟರ್ ತೆಗೆದುಕೊಂಡು ಇಬ್ಬರೂ ಮೇಲೆ ಬನ್ನಿ.

ಜೊತೆಗಾರರು ಕಾಣದಿದ್ದರೆ ಒಂದು ನಿಮಿಷ ಸುತ್ತ, ಮೇಲೆ, ಕೆಳಗೆ ನೋಡಿ. ಸಿಗದಿದ್ದರೆ ನಿಧಾನವಾಗಿ ಮೇಲೆ. ಅವರೂ ಅದನ್ನೇ ಮಾಡುತ್ತಾರೆ, ಮೇಲೆ ಸಿಗುತ್ತೀರಿ.

ನಡುಕ ತಡೆಯಲಾಗದಷ್ಟು ಆದರೆ, ಗೇಜಿನ ಅಂಕೆ ಎರಡು ಸಲ ಓದಬೇಕಾಗಿ ಬಂದರೆ, ಬಕಲ್ ಬಿಚ್ಚಲು ಬೆರಳು ಮಾತು ಕೇಳದಿದ್ದರೆ ಡೈವ್ ಮುಗಿಯಿತು. ಗಾಳಿ 150 ಬಾರ್ ಇದ್ದರೂ ಸರಿ.

ಮೇಲೆ ಬರುವುದು

ತಲೆ ಎತ್ತಿ ನೋಡಿ, ಒಂದು ಕೈ ಮೇಲೆ. ಕೆಲ್ಪಿನ ನಡುವೆ ಬೆಳಕಿನ ಕಿಂಡಿ ಇರುವ ಕಡೆ ಏರಿ. ದೋಣಿ ಓಡಾಡುವ ಜಾಗವಾದರೆ ಮೊದಲು ಗುರುತಿನ ಬಲೂನ್ ಬಿಡಿ. ನಿಮಿಷಕ್ಕೆ 9 ಮೀಟರಿಗಿಂತ ಜೋರಾಗಿ ಏರಬೇಡಿ, ಉಸಿರು ಎಂದೂ ಹಿಡಿಯಬೇಡಿ. ಕುಗ್ಗಿದ್ದ ಸೂಟ್ ಈಗ ಮತ್ತೆ ಉಬ್ಬುತ್ತದೆ, ಟ್ಯಾಂಕ್ ಹಗುರಾಗಿದೆ, ಬಿಸಿಡಿಯ ಗಾಳಿ ಹಿಗ್ಗುತ್ತದೆ. ಮೂರೂ ಸೇರಿ ಮೇಲಕ್ಕೆಳೆಯುತ್ತವೆ. ಸ್ವಲ್ಪ ಸ್ವಲ್ಪ ಗಾಳಿ ಬಿಡುತ್ತಾ ಬನ್ನಿ. 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು. ದಡದಲ್ಲಿ ಮಾಡಿದ ತೂಕದ ಪರೀಕ್ಷೆ ಸರಿಯಿತ್ತೋ ಇಲ್ಲವೋ ಇಲ್ಲಿ ಗೊತ್ತಾಗುತ್ತದೆ. ಬಂಡೆಯ ನೆತ್ತಿ 5 ಮೀಟರಿನಲ್ಲೇ ಇದ್ದರೆ ಅದೃಷ್ಟ, ಆ 3 ನಿಮಿಷವೂ ಏನಾದರೂ ನೋಡುತ್ತಾ ಕಳೆಯಬಹುದು.

ಮೇಲೆ ಬಂದ ಕೂಡಲೇ ಬಿಸಿಡಿ ತುಂಬಿಸಿ. ದಡ ಮುಟ್ಟುವ ತನಕ ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ ಬಾಯಲ್ಲಿ.

ದಡ ಸೇರಿದ ಮೇಲೆ

ಹುಡ್ ತೆಗೆದ ಕೈಯಲ್ಲೇ ಉಣ್ಣೆ ಟೋಪಿ. ಒದ್ದೆ ಸೂಟಿನಲ್ಲಿ ಗಾಳಿಗೆ ನಿಂತು ಹರಟಬೇಡಿ, ನೀರಿಗಿಂತ ಜಾಸ್ತಿ ಚಳಿ ಅಲ್ಲೇ ಹತ್ತುತ್ತದೆ. ಒಣಬಟ್ಟೆ, ಬೆಚ್ಚನೆ ಕುಡಿಯಲು ಏನಾದರೂ. ಕುದಿವ ನೀರಿನ ಸ್ನಾನಕ್ಕೆ ತಕ್ಷಣ ಓಡುವುದು ಬೇಡ, ಮೈ ತಾನಾಗಿ ಹದಕ್ಕೆ ಬರಲಿ. ಕೀಲುನೋವು, ಜೋಮು, ತಲೆಸುತ್ತು, ಚರ್ಮದ ಮೇಲೆ ದದ್ದು, ಲೆಕ್ಕಕ್ಕೆ ಮೀರಿದ ಸುಸ್ತು ಕಂಡರೆ "ನಾಳೆಗೆ ಸರಿಹೋಗುತ್ತೆ" ಅಂತ ಕಾಯಬೇಡಿ. ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಹೊರಡಿ. ಒಂದು ಡೈವ್ ಮಾಡಿದ್ದರೆ 12 ಗಂಟೆ, ಹಲವು ಮಾಡಿದ್ದರೆ 18 ಗಂಟೆ ವಿಮಾನ ಹತ್ತಬೇಡಿ.

ಸಾಮಾನೆಲ್ಲ ಸಿಹಿನೀರಿನಲ್ಲಿ ತೊಳೆಯಿರಿ. ರೆಗ್ಯುಲೇಟರಿನ ಮುಚ್ಚಳ ಒರೆಸಿ ಹಾಕಿದ ಮೇಲೆಯೇ ನೀರಿಗೆ ಹಾಕಿ, ಗುಂಡಿ ಒತ್ತಬೇಡಿ, ಒಳಗೆ ನೀರು ಹೋಗುತ್ತದೆ. ಆಮೇಲೆ ಕೈ ಬೆಚ್ಚಗಿರುವಾಗಲೇ ಡೈವ್ ಪುಸ್ತಕ ಬರೆಯಿರಿ. ಯಾವ ಮೀನು ಕಂಡೆ ಅನ್ನುವುದಕ್ಕಿಂತ ಮುಂಚೆ ನೀರಿನ ಉಷ್ಣತೆ, ಸೂಟ್, ತೂಕ, ಗಾಳಿ. ನನ್ನ ಪುಸ್ತಕದ ಒಂದು ಹಾಳೆ ಹೀಗಿದೆ: "ನೀರು 14. ಸೂಟ್ 7. ತೂಕ 9 ಕಿಲೋ. 200ರಿಂದ 70. 41 ನಿಮಿಷ. 5 ಮೀಟರಿನಲ್ಲಿ ಆರಾಮಾಗಿ ನಿಂತೆ. ಎಡಗೈ ಗ್ಲೌಸ್ ಸಡಿಲ, ಹೆಬ್ಬೆರಳು ಮರಗಟ್ಟಿತು. ಮುಂದಿನ ಸಲ 8 ಕಿಲೋ ಹಾಕಿ ನೋಡಬೇಕು."